ರಾಕ್ ಸಂಗೀತದಲ್ಲಿ ಚೀತ್ಕಾರ ಗಾಯನ

ರಾಕ್ ಸಂಗೀತದಲ್ಲೂ ಅದರಿಂದ ಕವಲೊಡೆದ ಪಂಕ್, ಹಾರ್ಡ್‌ಕೋರ್, ಮೆಟಲ್, ಗ್ರಂಜ್ ಪ್ರಕಾರಗಳಲ್ಲೂ ಗಾಯಕರು ದನಿಯ ನಯವನ್ನು ಬೇಕೆಂದೇ ಬಿಟ್ಟು, ಕಿರುಚಿ, ಅರಚಿ, ಗುಟುರು ಹಾಕಿ ಭಾವವನ್ನು ಕೇಳುಗರಿಗೆ ಮುಟ್ಟಿಸುವ ಗಾಯನಕ್ರಮ. ಎತ್ತರದ ಸ್ಥಾಯಿಯ ಕಿರುಚಾಟವನ್ನು ಸ್ಕ್ರೀಮ್ ಎಂದೂ ತಗ್ಗಿನ ಗುಟುರನ್ನು ಗ್ರೌಲ್ ಎಂದೂ ಕರೆಯುವುದು ರೂಢಿ. ಬೆಂಗಳೂರಿನ ಮೆಟಲ್ ಕೇಳುಗರ ಬಾಯಲ್ಲೂ ಇವೇ ಹೆಸರುಗಳಿವೆ. ಶಾಸ್ತ್ರೀಯ ಕಛೇರಿಯಲ್ಲಿ ದನಿ ಒಡೆದರೆ ದೋಷ ಎನ್ನುತ್ತೇವೆ. ಇಲ್ಲಿ ಒಡೆದ ದನಿಯೇ ಸಾಮಗ್ರಿ. ಹಾಗೆಂದು ಬಾಯಿಗೆ ಬಂದಂತೆ ಕೂಗಿದರೆ ಸಾಲದು. ಪಳಗಿದ ಗಾಯಕನ ಚೀತ್ಕಾರ ಹಾಡಿನ ಗೊತ್ತಾದ ಜಾಗದಲ್ಲಿ ಎದ್ದು, ಬೇಕಾದಷ್ಟೇ ಹೊತ್ತು ನಿಂತು, ಮರುದಿನದ ಕಾರ್ಯಕ್ರಮದಲ್ಲೂ ಅದೇ ಜಾಗದಲ್ಲಿ ಏಳುತ್ತದೆ. ಅದು ಕೇಳುಗನ ಎದೆಗೆ ತಾಕುವುದು ಎಷ್ಟು ಗಟ್ಟಿಯಾಗಿದೆ ಎಂಬುದರಿಂದ ಅಷ್ಟಾಗಿ ಅಲ್ಲ, ಅದಕ್ಕೆ ಮುಂಚೆ ಹಾಡು ಎಷ್ಟು ಹೊತ್ತು ಏನನ್ನು ತಡೆಹಿಡಿದಿತ್ತು ಎಂಬುದರಿಂದ. ಈ ಪ್ರಕಾರದ ಒಳ್ಳೆಯ ಹಾಡುಗಳನ್ನೂ ಬರೀ ಗಲಾಟೆಯ ಹಾಡುಗಳನ್ನೂ ಬೇರೆ ಮಾಡುವ ಒರೆಗಲ್ಲು ಇದೇ.

ಚರ್ಚಿನಿಂದ ಬಂದದ್ದು

ರಾಕ್‌ಗೆ ಈ ದನಿ ದಕ್ಕಿದ್ದು ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಚರ್ಚುಗಳಿಂದ. ಅಲ್ಲಿ ಪಾದ್ರಿಯ ಉಪದೇಶ ಮಾತಿನಿಂದ ರಾಗಕ್ಕೆ, ರಾಗದಿಂದ ಕೂಗಿಗೆ ಏರುತ್ತದೆ, ಸೇರಿದ ಜನ ಅದಕ್ಕೆ ಓಗೊಡುತ್ತಾರೆ. ಗಾಸ್ಪೆಲ್ ತಂಡಗಳು ಈ ಏರುವಿಕೆಯನ್ನು ಹಾಡಿನೊಳಕ್ಕೆ ತಂದವು. ಫೈವ್ ಬ್ಲೈಂಡ್ ಬಾಯ್ಸ್ ಆಫ್ ಮಿಸಿಸಿಪ್ಪಿ ತಂಡದ ಆರ್ಚಿ ಬ್ರೌನ್‌ಲೀ, ಸೆನ್ಸೇಷನಲ್ ನೈಟಿಂಗೇಲ್ಸ್ ತಂಡದ ಜೂಲಿಯಸ್ ಚೀಕ್ಸ್ ಇವರ ಚೀತ್ಕಾರ ದೇವರ ಸಾನ್ನಿಧ್ಯದ ಗುರುತಾಗಿ ಸಲ್ಲುತ್ತಿತ್ತು. ಚೀಕ್ಸ್‌ರ ದನಿಯನ್ನು ಕೇಳಿ ಬೆಳೆದ ವಿಲ್ಸನ್ ಪಿಕೆಟ್ ಅದನ್ನು ಸೋಲ್ ಸಂಗೀತಕ್ಕೆ ಒಯ್ದ. ಜೇಮ್ಸ್ ಬ್ರೌನ್ ಕಿರುಚನ್ನು ತಾಳವಾದ್ಯದ ಪೆಟ್ಟಿನಂತೆ ಬಳಸಿದ.

ಜಾರ್ಜಿಯಾದ ಮೇಕನ್ ಊರಿನ ಲಿಟಲ್ ರಿಚರ್ಡ್ ಅಲ್ಲಿನ ಬಸ್ ನಿಲ್ದಾಣದಲ್ಲಿ ಪಾತ್ರೆ ತೊಳೆಯುತ್ತಿದ್ದವನು. 1955ರ ಸೆಪ್ಟೆಂಬರಿನಲ್ಲಿ ನ್ಯೂ ಆರ್ಲಿಯನ್ಸ್‌ನ ಸಣ್ಣ ಸ್ಟುಡಿಯೋ ಒಂದರಲ್ಲಿ ‘ಟುಟ್ಟಿ ಫ್ರುಟ್ಟಿ’ ಹಾಡಿದ. ಗಾಸ್ಪೆಲ್ ಗಾಯಕಿ ಮೇರಿಯನ್ ವಿಲಿಯಮ್ಸ್‌ರಿಂದ ಬಂದದ್ದೆಂದು ಹೇಳಲಾಗುವ ಅವನ ತಾರಸ್ಥಾಯಿಯ ಊಳು ಮುಂದೆ ಬೀಟಲ್ಸ್ ಕೈಗೆ ದಾಟಿತು. ದೇವರಿಗೆ ಮೀಸಲಾದ ದನಿಯನ್ನು ಬೀದಿಗೆ ತಂದ ಅಳುಕು ಅವನನ್ನು ಬಿಡಲಿಲ್ಲ. ಎರಡೇ ವರ್ಷದಲ್ಲಿ, ಹೆಸರು ಉತ್ತುಂಗದಲ್ಲಿದ್ದಾಗಲೇ, ರಾಕ್ ಬಿಟ್ಟು ಧರ್ಮಶಾಸ್ತ್ರ ಓದಲು ಹೋದ. ಆಮೇಲೆ ಮರಳಿ ಬಂದ.

1956ರ ‘ಐ ಪುಟ್ ಎ ಸ್ಪೆಲ್ ಆನ್ ಯೂ’ ಮೊದಲಿಗೆ ಮೆಲುದನಿಯ ಪ್ರೇಮಗೀತೆಯಾಗಬೇಕಿತ್ತಂತೆ. ಮುದ್ರಣದ ದಿನ ಎಲ್ಲರಿಗೂ ಊಟ, ಮದ್ಯ ತರಿಸಲಾಯಿತೆಂದೂ ತಾನು ಏನು ಹಾಡಿದೆನೆಂಬುದೇ ಮರುದಿನ ನೆನಪಿರಲಿಲ್ಲವೆಂದೂ ಗಾಯಕ ಸ್ಕ್ರೀಮಿನ್ ಜೇ ಹಾಕಿನ್ಸ್ ಹೇಳಿಕೊಂಡಿದ್ದಾನೆ. ರೇಡಿಯೋ ನಿರೂಪಕ ಆಲನ್ ಫ್ರೀಡ್‌ನ ಸಲಹೆಯಂತೆ ವೇದಿಕೆಗೆ ಶವಪೆಟ್ಟಿಗೆಯಿಂದ ಎದ್ದು ಬರತೊಡಗಿದ. ಅಲ್ಲಿಗೆ ಚೀತ್ಕಾರಕ್ಕೆ ಭಯಾನಕದ ವೇಷವೂ ಸಿಕ್ಕಿತು. ಇಂದಿನ ಮೆಟಲ್ ವೇದಿಕೆಗಳ ಬುರುಡೆ, ಬೆಂಕಿ, ಹೊಗೆಗಳೆಲ್ಲ ಆ ಪೆಟ್ಟಿಗೆಯ ಮೊಮ್ಮಕ್ಕಳು.

ರಾಕ್ ಅಲ್ಲದ ಒಂದು ಮುದ್ರಿಕೆಯನ್ನು ಇಲ್ಲಿ ಬಿಡುವಂತಿಲ್ಲ. 1960ರಲ್ಲಿ ಡ್ರಮ್ ವಾದಕ ಮ್ಯಾಕ್ಸ್ ರೋಚ್ ಹೊರತಂದ ನಾಗರಿಕ ಹಕ್ಕುಗಳ ಕುರಿತ ಜಾಝ್ ಆಲ್ಬಮ್ ‘ವಿ ಇನ್ಸಿಸ್ಟ್’ನಲ್ಲಿ ಗಾಯಕಿ ಆ್ಯಬಿ ಲಿಂಕನ್ ಪ್ರಾರ್ಥನೆ, ಪ್ರತಿಭಟನೆ, ಶಾಂತಿ ಎಂಬ ಮೂರು ಭಾಗಗಳ ಕೃತಿಯನ್ನು ಪದಗಳಿಲ್ಲದೆ ಹಾಡಿದ್ದಾಳೆ. ನಡುವಿನ ಭಾಗ ಡ್ರಮ್ಮಿನ ಜೊತೆ ಬರೀ ಕಿರುಚು. ಸುತ್ತಲಿನ ಎರಡು ಶಾಂತ ಭಾಗಗಳನ್ನು ತೆಗೆದರೆ ಅದನ್ನು ಕೇಳುವುದೇ ಕಷ್ಟ, ಅವುಗಳ ನಡುವೆ ಇರುವುದರಿಂದ ಅದು ಇಡೀ ಜನಾಂಗದ ಅಹವಾಲಾಗುತ್ತದೆ.

ಲೆನನ್‌ನ ಎರಡು ಕಿರುಚು

1963ರ ಫೆಬ್ರವರಿ 11ರಂದು ಬೀಟಲ್ಸ್ ತಂಡ ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ತಮ್ಮ ಮೊದಲ ಆಲ್ಬಮ್ಮಿನ ಬಹುಪಾಲನ್ನು ಒಂದೇ ದಿನದಲ್ಲಿ ಮುಗಿಸಿತು. ಬೆಳಿಗ್ಗೆ ಹತ್ತಕ್ಕೆ ಶುರುವಾದ ಕೆಲಸ ರಾತ್ರಿ ಹತ್ತು ದಾಟಿತ್ತು. ಜಾನ್ ಲೆನನ್‌ಗೆ ನೆಗಡಿ, ಗಂಟಲು ಆಗಲೇ ಕಟ್ಟಿತ್ತು. ‘ಟ್ವಿಸ್ಟ್ ಅಂಡ್ ಶೌಟ್’ ಹಾಡನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಕೊನೆಗೆ ಇಟ್ಟುಕೊಂಡಿದ್ದ, ಅದನ್ನು ಮೊದಲೇ ಹಾಡಿಸಿದರೆ ಉಳಿದ ಹಾಡುಗಳಿಗೆ ದನಿಯೇ ಇರುವುದಿಲ್ಲ ಎಂದು. ಲೆನನ್ ಹಾಲು ಕುಡಿದು, ಗಂಟಲಿನ ಮಾತ್ರೆ ಚೀಪಿ, ಅಂಗಿ ಕಳಚಿ ನಿಂತ. ಮೊದಲ ಸಲ ಹಾಡಿದ್ದೇ ಆಲ್ಬಮ್ಮಿಗೆ ಹೋಯಿತು. ಎರಡನೆಯ ಸಲ ಪ್ರಯತ್ನಿಸುವಾಗ ದನಿ ಪೂರ್ತಿ ಸತ್ತಿತ್ತು. ಹರಿದ ಗಂಟಲಿನ ಆ ಹಾಡಿನಲ್ಲಿ ನೋವಿದೆ, ಆದರೆ ಅದರ ಭಾವ ಸಂತೋಷ. ಚೀತ್ಕಾರವೆಂದರೆ ಸಿಟ್ಟು, ಸಂಕಟ ಎಂದಷ್ಟೇ ತಿಳಿಯುವವರು ಈ ಹಾಡನ್ನು ಮರೆತಿರುತ್ತಾರೆ.

ಏಳು ವರ್ಷದ ನಂತರ ಅದೇ ಗಂಟಲು ಬೇರೆ ಕೆಲಸಕ್ಕೆ ನಿಂತಿತು. 1970ರಲ್ಲಿ ಲೆನನ್ ಮತ್ತು ಯೋಕೋ ಓನೋ ಅಮೆರಿಕದ ಮನೋಚಿಕಿತ್ಸಕ ಆರ್ಥರ್ ಜಾನೋವ್ ಬಳಿ ಕೆಲವು ತಿಂಗಳು ಚಿಕಿತ್ಸೆ ಪಡೆದರು. ಎಳೆತನದಲ್ಲಿ ನುಂಗಿಕೊಂಡ ನೋವನ್ನು ಕಿರುಚಿ ಹೊರಹಾಕಿದರೆ ಮನಸ್ಸು ಹಗುರಾಗುತ್ತದೆ ಎಂಬುದು ಜಾನೋವ್‌ನ ವಾದ. ಮನೋವಿಜ್ಞಾನಿಗಳು ಅದನ್ನು ಒಪ್ಪಿಲ್ಲ, ಆದರೆ ಅದರಿಂದ ಒಂದು ದೊಡ್ಡ ಆಲ್ಬಮ್ ಹುಟ್ಟಿತು. ಲೆನನ್‌ನ ತಂದೆ ಹಡಗಿನ ಕೆಲಸಕ್ಕೆಂದು ಹೋಗಿ ಮನೆಯಿಂದ ದೂರವಾದ, ತಾಯಿ ಅವನನ್ನು ತನ್ನ ಅಕ್ಕನ ಮನೆಯಲ್ಲಿ ಬಿಟ್ಟಳು. ಹದಿನೇಳರಲ್ಲಿ ಮತ್ತೆ ಹತ್ತಿರವಾಗುತ್ತಿದ್ದ ಆ ತಾಯಿ 1958ರಲ್ಲಿ ಕಾರು ಬಡಿದು ತೀರಿಹೋದಳು. ಆ ಆಲ್ಬಮ್ಮಿನ ‘ಮದರ್’ ಹಾಡು ಚರ್ಚಿನ ಗಂಟೆಯ ನಿಧಾನವಾದ ಬಡಿತದಿಂದ ಶುರುವಾಗುತ್ತದೆ. ಪಿಯಾನೋ, ಬಾಸ್, ಡ್ರಮ್ ಬಿಟ್ಟರೆ ಬೇರೆ ಅಲಂಕಾರವಿಲ್ಲ. ಹಾಡುಭಾಗ ಬಹುಪಾಲು ತಣ್ಣಗಿದೆ, ಲೆಕ್ಕ ಒಪ್ಪಿಸಿದ ಹಾಗೆ. ಕೊನೆಯಲ್ಲಿ ಒಂದೇ ಮೊರೆಯನ್ನು ಮತ್ತೆ ಮತ್ತೆ ಹೇಳುತ್ತಾನೆ. ಪ್ರತಿ ಸಲವೂ ಕೊನೆಯ ಅಕ್ಷರ ಇನ್ನಷ್ಟು ಹಿಗ್ಗಿ, ಇನ್ನಷ್ಟು ಹರಿದು, ಮೂವತ್ತರ ಗಂಡಸಿನ ದನಿಯೊಳಗಿಂದ ಸಣ್ಣ ಹುಡುಗ ಕಿರುಚುವಂತೆ ಆಗುತ್ತದೆ. ಹಾಡು ಮುಗಿಯುವುದಿಲ್ಲ, ಕಿರುಚುತ್ತಿರುವಾಗಲೇ ಧ್ವನಿ ಸಣ್ಣಗಾಗಿ ಮರೆಯಾಗುತ್ತದೆ.

ಅದೇ ಹೊತ್ತಿಗೆ ಹಾರ್ಡ್ ರಾಕ್ ತಂಡಗಳು ಚೀತ್ಕಾರವನ್ನು ಸಾಹಸದಂತೆ ಬೆಳೆಸುತ್ತಿದ್ದವು. ಲೆಡ್ ಜೆಪ್ಲಿನ್‌ನ ರಾಬರ್ಟ್ ಪ್ಲಾಂಟ್, ಡೀಪ್ ಪರ್ಪಲ್‌ನ ಇಯಾನ್ ಗಿಲ್ಲನ್ ಇದರ ದಿಗ್ಗಜರು. ಗಿಲ್ಲನ್‌ನ ‘ಚೈಲ್ಡ್ ಇನ್ ಟೈಮ್’ ಪಿಸುಮಾತಿನಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ದ ಹೂ ತಂಡದ ‘ವೋಂಟ್ ಗೆಟ್ ಫೂಲ್ಡ್ ಅಗೇನ್’ (1971) ಕ್ರಾಂತಿಗಳ ಮೇಲಿನ ನಂಬಿಕೆ ಹೋದವನ ಹಾಡು. ಏಳೂವರೆ ನಿಮಿಷ ದಾಟಿದ ಮೇಲೆ, ಬರೀ ಸಿಂಥಸೈಜರ್ ಮಿಡಿಯುತ್ತಿರುವ ಬಯಲಿನಂಥ ಜಾಗದ ಕೊನೆಗೆ, ಡ್ರಮ್ ಗುಡುಗಿ ರೋಜರ್ ಡಾಲ್ಟ್ರಿಯ ಒಂದೇ ಒಂದು ಕಿರುಚು ಬರುತ್ತದೆ. ರಾಕ್ ಚರಿತ್ರೆಯಲ್ಲಿ ಅದಕ್ಕಿಂತ ಚೆನ್ನಾಗಿ ಜಾಗ ನೋಡಿ ಇಟ್ಟ ಚೀತ್ಕಾರ ಇನ್ನೊಂದಿಲ್ಲ.

ಪಿಂಕ್ ಫ್ಲಾಯ್ಡ್‌ನ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ (1973) ಸಾವಿನ ಕುರಿತದ್ದು, ಹಾಡಲು ಸಾಹಿತ್ಯವೇ ಇಲ್ಲ. ಸ್ಟುಡಿಯೋ ಗಾಯಕಿ ಕ್ಲೇರ್ ಟೋರಿ ಬಂದು, ತನ್ನ ದನಿಯನ್ನೇ ವಾದ್ಯವೆಂದುಕೊಂಡು ಮನಸ್ಸಿಗೆ ಬಂದಂತೆ ಹಾಡಿ, 30 ಪೌಂಡ್ ಪಡೆದು ಮನೆಗೆ ಹೋದಳು. ಆ ಮೊರೆತ ಆಕೆಯದೇ ರಚನೆ ಎಂಬ ಮನ್ನಣೆ ಸಿಗಲು 2004ರಲ್ಲಿ ಹೂಡಿದ ದಾವೆ ಮರುವರ್ಷ ರಾಜಿಯಾಗಬೇಕಾಯಿತು. ಕಿರುಚುವುದಕ್ಕೂ ಕರ್ತೃತ್ವವಿದೆ ಎಂದು ಆ ಮೂಲಕ ಒಪ್ಪಿದಂತಾಯಿತು.

ಗಂಟಲೊಳಗೆ

ಮಾತಿಗೂ ಹಾಡಿಗೂ ನಾವು ಬಳಸುವ ಧ್ವನಿತಂತುಗಳು ಧ್ವನಿಪೆಟ್ಟಿಗೆಯಲ್ಲಿರುವ ಎರಡು ತೆಳು ಮಡಿಕೆಗಳು. ಅವುಗಳ ಮೇಲೆ ಇನ್ನೊಂದು ಜೊತೆ ದಪ್ಪ ಮಡಿಕೆಗಳಿವೆ. ನುಂಗುವಾಗ ಶ್ವಾಸನಾಳವನ್ನು ಕಾಯುವುದು ಅವುಗಳ ಮುಖ್ಯ ಕೆಲಸ, ಮಾತಾಡುವಾಗ ಸುಮ್ಮನಿರುತ್ತವೆ. ಗ್ರೌಲ್ ಮಾಡುವವರು ಈ ಹುಸಿ ತಂತುಗಳನ್ನು ಹತ್ತಿರ ತಂದು, ಹೊಟ್ಟೆಯಿಂದ ಹದವಾಗಿ ಗಾಳಿ ಕೊಟ್ಟು ಅದುರಿಸುತ್ತಾರೆ. ಇದಕ್ಕೆ ಫಾಲ್ಸ್ ಕಾರ್ಡ್ ಎಂಬ ಹೆಸರು. ಅಸಲಿ ತಂತುಗಳನ್ನು ಸಡಿಲವಾಗಿ ಚಟಪಟ ಎನ್ನಿಸಿ, ಮೇಲಿನ ಅಂಗಾಂಶಗಳಿಂದ ಅದನ್ನು ಒರಟಾಗಿಸುವುದು ಫ್ರೈ ಸ್ಕ್ರೀಮ್. ಅಮೆರಿಕದ ಡೆತ್‌ಕೋರ್ ತಂಡ ಲೋರ್ನಾ ಶೋರ್‌ನ ಗಾಯಕ ವಿಲ್ ರಾಮೋಸ್ ತನ್ನ ಗಂಟಲಿಗೆ ಕ್ಯಾಮೆರಾ ಇಳಿಸಿಕೊಂಡು ಹಾಡಿದಾಗ ಈ ಮಡಿಕೆಗಳು ಅದುರುವುದು ಕಣ್ಣಿಗೇ ಕಂಡಿತು. ಮಧ್ಯ ಏಷ್ಯಾದ ತುವಾ ಜನರ ಕಾರ್ಗಿರಾ ಗಾಯನವೂ ಹುಸಿ ತಂತುಗಳ ಕಂಪನದಿಂದಲೇ ನಡೆಯುತ್ತದೆ. ಹಾಗಾಗಿ ಮೆಟಲ್‌ನವರು ಹೊಸದನ್ನೇನೂ ಕಂಡುಹಿಡಿದಿಲ್ಲ. ತೆರೆಯ ಮರೆಯಲ್ಲಿ ಆರ್ಭಟಿಸಿ ರಂಗಕ್ಕೆ ಬರುವ ಯಕ್ಷಗಾನದ ಬಣ್ಣದ ವೇಷವನ್ನು ಕೇಳಿ ಬೆಳೆದವರಿಗೆ ದನಿಯನ್ನು ಒರಟಾಗಿಸಿ ರೌದ್ರವನ್ನು ಕಟ್ಟುವುದು ಕಲೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಪಳಗಿದ ಗ್ರೌಲ್ ಎದುರು ನಿಂತು ಕೇಳಿದರೆ ಅಂದುಕೊಂಡಷ್ಟು ಗಟ್ಟಿ ಇರುವುದಿಲ್ಲ. ಉಳಿದದ್ದನ್ನು ಮೈಕ್ ನೋಡಿಕೊಳ್ಳುತ್ತದೆ. ಹೊಸಬರು ಎಡವುವುದು ಇಲ್ಲೇ. ಗಟ್ಟಿಯಾಗಿ ಕೂಗಿದರೆ ಚೀತ್ಕಾರವಾಗುತ್ತದೆ ಎಂದು ನಂಬಿ ಅಸಲಿ ತಂತುಗಳನ್ನು ಒಂದಕ್ಕೊಂದು ಉಜ್ಜುತ್ತಾರೆ. ಗಂಟು, ಊತ, ರಕ್ತಸ್ರಾವ ಆಗುವುದು ಹಾಗೆ. ನ್ಯೂಯಾರ್ಕಿನ ಕಂಠ ಶಿಕ್ಷಕಿ ಮೆಲಿಸ್ಸಾ ಕ್ರಾಸ್ 2005ರಲ್ಲಿ ‘ದ ಝೆನ್ ಆಫ್ ಸ್ಕ್ರೀಮಿಂಗ್’ ಎಂಬ ಪಾಠದ ಡಿವಿಡಿ ತಂದ ಮೇಲೆ ಇದು ಗುರುಮುಖೇನ ಕಲಿಯುವ ವಿದ್ಯೆ ಎಂಬ ಅರಿವು ಹರಡಿತು.

ಕಿವಿಯ ಕಡೆಯ ಸಂಗತಿಯೂ ಗೊತ್ತಾಗಿದೆ. ಲುಕ್ ಆರ್ನಾಲ್, ಡೇವಿಡ್ ಪೊಪೆಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮನುಷ್ಯನ ಕಿರುಚಿನಲ್ಲಿ ಶಬ್ದದ ಮಟ್ಟ ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತದೆ. ಸಾಧಾರಣ ಮಾತಿನಲ್ಲಿ ಈ ಏರಿಳಿತ ನಾಲ್ಕೈದು ಸಲ ಮಾತ್ರ. ಈ ಒರಟುತನ ಅಪಾಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಮಿದುಳಿನ ಭಾಗವನ್ನು ನೇರವಾಗಿ ಕೆಣಕುತ್ತದೆ. ಅಪಾಯ ಸೂಚಿಸುವ ಅಲಾರಂ ಸದ್ದುಗಳಲ್ಲೂ ಇದೇ ಗುಣವಿದೆ. ಜೂರಿಕ್‌ನ ಸಾಶಾ ಫ್ರೂಹೋಲ್ಜ್ ತಂಡ 2021ರಲ್ಲಿ ಇನ್ನೊಂದು ಮಾತು ಸೇರಿಸಿತು. ನೋವು, ಸಿಟ್ಟು, ಭಯಗಳ ಕಿರುಚಿಗಿಂತ ಸಂತೋಷ, ಸುಖ, ದುಃಖಗಳ ಕಿರುಚನ್ನು ಕೇಳುಗರು ಬೇಗನೆ, ಸರಿಯಾಗಿ ಗುರುತಿಸುತ್ತಾರಂತೆ. ಹಾಡಿನಲ್ಲಿ ಬರುವ ಕಿರುಚು ಅಪಾಯದ, ಸುಖದ ಈ ಎರಡೂ ಬಾಗಿಲುಗಳನ್ನು ಒಟ್ಟಿಗೆ ತಟ್ಟುತ್ತದೆ. ಮೈ ಬೆಚ್ಚುತ್ತದೆ, ಆದರೆ ಅಪಾಯವಿಲ್ಲವೆಂದು ಬುದ್ಧಿಗೆ ಗೊತ್ತಿರುತ್ತದೆ. ರೋಮಾಂಚನಕ್ಕೆ ಬೇಕಾದದ್ದು ಇಷ್ಟೇ.

ಪಂಕ್‌ನಿಂದ ಡೆತ್ ಮೆಟಲ್‌ವರೆಗೆ

1970ರ ದಶಕದ ಮಧ್ಯದಲ್ಲಿ ಬಂದ ಪಂಕ್, ಹಾರ್ಡ್ ರಾಕ್‌ನ ಕಸರತ್ತನ್ನು ಲೇವಡಿ ಮಾಡಿ, ಹಾಡಲು ಬಾರದವನೂ ಕೂಗಬಹುದು ಎಂದಿತು. ಬ್ಲ್ಯಾಕ್ ಫ್ಲಾಗ್‌ನಂಥ ಅಮೆರಿಕದ ಹಾರ್ಡ್‌ಕೋರ್ ತಂಡಗಳಲ್ಲಿ ಹಾಡೇ ಪೂರ್ತಿ ಕೂಗಾಯಿತು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದ ಹುಡುಗರು ಅದಕ್ಕೆ ಅಳುವನ್ನು ಬೆರೆಸಿದ್ದು ಸ್ಕ್ರೀಮೋ ಎನಿಸಿತು. ಮೆಟಲ್‌ನ ಕಡೆ ಐರನ್ ಮೇಡನ್‌ನ ಬ್ರೂಸ್ ಡಿಕಿನ್‌ಸನ್ ‘ದ ನಂಬರ್ ಆಫ್ ದ ಬೀಸ್ಟ್’ (1982) ಹಾಡಿನ ಮೊದಲ ಸಾಲುಗಳನ್ನು ನಿರ್ಮಾಪಕ ಮಾರ್ಟಿನ್ ಬರ್ಚ್ ಗಂಟೆಗಟ್ಟಲೆ ಮತ್ತೆ ಮತ್ತೆ ಹಾಡಿಸಿದ್ದಕ್ಕೆ ಬೇಸತ್ತು ಕಿರುಚಿದ, ಆ ಬೇಸರವೇ ಹಾಡಿನ ಪ್ರಸಿದ್ಧ ಕಿರುಚಿಗೆ ಒದಗಿತು ಎಂಬ ಕಥೆಯನ್ನು ಅವನೇ ಹೇಳುತ್ತಾನೆ. ಗುಟುರಿನ ಗಾಯನಕ್ಕೆ 1987 ಮುಖ್ಯ ವರ್ಷ. ಫ್ಲಾರಿಡಾದ ಡೆತ್ ತಂಡದ ‘ಸ್ಕ್ರೀಮ್ ಬ್ಲಡಿ ಗೋರ್’, ಇಂಗ್ಲೆಂಡಿನ ನೇಪಾಮ್ ಡೆತ್ ತಂಡದ ‘ಸ್ಕಮ್’ ಎರಡೂ ಆ ವರ್ಷ ಬಂದವು. ‘ಸ್ಕಮ್’ನಲ್ಲಿರುವ ‘ಯೂ ಸಫರ್’ 1.316 ಸೆಕೆಂಡಿನ ಹಾಡು, ಜಗತ್ತಿನ ಅತಿ ಚಿಕ್ಕದೆಂದು ಗಿನ್ನೆಸ್ ದಾಖಲೆಗೆ ಸೇರಿದೆ. ತಮಾಷೆಯಂತೆ ಕಂಡರೂ ಅದರಲ್ಲಿ ಒಂದು ಪ್ರಶ್ನೆ ಇದೆ, ಆ ಪ್ರಶ್ನೆಗೆ ಒಂದು ಕಿರುಚೇ ಸಾಕಾಗಿದೆ.

ಇಲ್ಲಿಂದ ಮುಂದೆ ಸಾಹಿತ್ಯ ಕಿವಿಗೆ ತಿಳಿಯುವುದು ನಿಂತಿತು. ಇಡೀ ಆಲ್ಬಮ್ ಗುಟುರೇ ಆದಾಗ ಕಿವಿ ಒಗ್ಗಿಹೋಗಿ, ಭಾವ ಸಪಾಟಾಗುವ ಅಪಾಯ ನಿಜಕ್ಕೂ ಇದೆ. ಡೆತ್ ಮೆಟಲ್ ಎಂಬ ಈ ಗುಟುರಿನ ಪ್ರಕಾರದ ಬಹುಪಾಲು ಆಲ್ಬಮ್‌ಗಳು ಬೇಸರ ತರುವುದು ಇದೇ ಕಾರಣಕ್ಕೆ. ಮೇಲಾದ ತಂಡಗಳು ಅಲ್ಲೂ ಏರಿಳಿತವನ್ನು ಕಾಯ್ದುಕೊಳ್ಳುತ್ತವೆ. ಗ್ರೌಲ್ ತಾಳಕ್ಕೆ ಅಂಟಿಕೊಂಡರೆ ಗಿಟಾರಿಗೆ ಭಾವವನ್ನು ಹೊರುವ ಕೆಲಸ ಬೀಳುತ್ತದೆ.

ಗುಟುರಿನಲ್ಲಿ ಹೆಣ್ಣು ದನಿ, ಗಂಡು ದನಿ ಎಂಬ ಭೇದ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಸ್ವೀಡನ್ನಿನ ಆರ್ಚ್ ಎನಿಮಿ ತಂಡಕ್ಕೆ ಸೇರಿದ ಜರ್ಮನಿಯ ಆ್ಯಂಜೆಲಾ ಗೊಸ್ಸೋ 2001ರ ಆಲ್ಬಮ್ಮಿನಲ್ಲಿ ಅದನ್ನು ಸಾಬೀತು ಮಾಡಿದಳು. ಕಿರುಚಿದ ಹೆಂಗಸನ್ನು ಹುಚ್ಚಿ, ಬಜಾರಿ ಎನ್ನುವ ಸಮಾಜಗಳಲ್ಲಿ ಈ ದನಿಗೆ ಬೇರೆಯೇ ಭಾರವಿದೆ. ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ ಬಿಕಿನಿ ಕಿಲ್ ತಂಡದ ಕ್ಯಾಥ್ಲೀನ್ ಹ್ಯಾನಾ ಕಿರುಚಿದ್ದು ಹೆಣ್ಣಿನ ಮೇಲಿನ ದೌರ್ಜನ್ಯದ ವಿರುದ್ಧ. ಡಯಾಮಾಂಡಾ ಗಲಾಸ್ ಎಂಬ ಗ್ರೀಕ್ ಮೂಲದ ಅಮೆರಿಕನ್ ಗಾಯಕಿಯ ಅಣ್ಣತಮ್ಮಂದಿರಲ್ಲೊಬ್ಬ 1986ರಲ್ಲಿ ಏಡ್ಸ್‌ನಿಂದ ತೀರಿಕೊಂಡ. ಆಕೆ 1990ರಲ್ಲಿ ನ್ಯೂಯಾರ್ಕಿನ ಸೇಂಟ್ ಜಾನ್ ಕೆಥೀಡ್ರಲ್ಲಿನಲ್ಲಿ, ಸತ್ತವರನ್ನು ಪಾಪಿಗಳೆಂದ ಧರ್ಮಬೋಧಕರಿಗೆ ಅವರದೇ ಗ್ರಂಥದ ಮಾತುಗಳನ್ನು ಚೀರಿ ಒಪ್ಪಿಸಿದಳು. ಅದು ‘ಪ್ಲೇಗ್ ಮಾಸ್’. ಚರ್ಚಿನಲ್ಲಿ ಹುಟ್ಟಿದ ಚೀತ್ಕಾರ ಚರ್ಚಿನ ಎದುರೇ ನಿಂತ ಹೊತ್ತು ಅದು.

ಕೊಬೇನ್, 1993ರ ನವೆಂಬರ್

ಪಿಕ್ಸೀಸ್ ಎಂಬ ಬಾಸ್ಟನ್ ತಂಡ ಚರಣವನ್ನು ಮೆಲ್ಲಗೆ ಹಾಡಿ ಪಲ್ಲವಿಗೆ ಬಂದಾಗ ಒಮ್ಮೆಲೇ ಸಿಡಿಯುವ ಕ್ರಮವನ್ನು ರೂಢಿಗೆ ತಂದಿತು. ಅದನ್ನೇ ಎತ್ತಿಕೊಂಡೆ ಎಂದು ನಿರ್ವಾಣ ತಂಡದ ಕರ್ಟ್ ಕೊಬೇನ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದ. ಅವನ ದೊಡ್ಡ ಚೀತ್ಕಾರ ಮಾತ್ರ ಬಂದದ್ದು ಸಿಡಿಯುವ ಗಿಟಾರುಗಳಿಲ್ಲದ ಕಡೆ. 1993ರ ನವೆಂಬರ್ 18ರಂದು ನ್ಯೂಯಾರ್ಕಿನ ಸೋನಿ ಸ್ಟುಡಿಯೋದಲ್ಲಿ ಎಂಟಿವಿಯ ಅನ್‌ಪ್ಲಗ್ಡ್ ಕಾರ್ಯಕ್ರಮ. ಅವನೇ ಹೇಳಿದಂತೆ ವೇದಿಕೆಗೆ ಲಿಲ್ಲಿ ಹೂ, ಕಪ್ಪು ಮೇಣದಬತ್ತಿ ತಂದಿಟ್ಟಿದ್ದರು. ಕೊನೆಯ ಹಾಡು ‘ವೇರ್ ಡಿಡ್ ಯೂ ಸ್ಲೀಪ್ ಲಾಸ್ಟ್ ನೈಟ್’, ಕಪ್ಪು ಗಾಯಕ ಲೆಡ್ ಬೆಲ್ಲಿಯಿಂದ ಪ್ರಸಿದ್ಧವಾದ ಹಳೆಯ ಜನಪದ ಹಾಡು. ಸಂಶಯ, ಸಾವು, ಚಳಿಗಾಡು ಅದರ ವಸ್ತು.

ಬಹುಪಾಲು ಹಾಡನ್ನು ಅವನು ಮಂದ್ರದಲ್ಲಿ, ಗೊಣಗಿದಂತೆ ಹಾಡುತ್ತಾನೆ. ವಾದ್ಯಗಳೂ ಇದ್ದೂ ಇಲ್ಲದಂತೆ. ಕೊನೆಯ ಸುತ್ತಿನಲ್ಲಿ ಅದೇ ಮಟ್ಟನ್ನು ಒಂದು ಸ್ಥಾಯಿ ಮೇಲೆ ಎತ್ತುತ್ತಾನೆ. ದನಿ ಕೂಡಲೇ ಎರಡಾಗಿ ಸೀಳುತ್ತದೆ, ಸ್ವರವೂ ಕೇಳುತ್ತದೆ, ಸ್ವರದ ಮೇಲೆ ಗರಗಸದಂಥ ಒರಟೂ ಕೇಳುತ್ತದೆ. ಕೊನೆಯ ಸಾಲಿನ ನಡುವೆ ಒಂದು ಪದವನ್ನು ಎಳೆದು ಕಿರುಚಿ ಗಕ್ಕನೆ ನಿಲ್ಲುತ್ತಾನೆ. ವಾದ್ಯಗಳೂ ನಿಲ್ಲುತ್ತವೆ. ಮುಚ್ಚಿದ್ದ ಕಣ್ಣು ತೆರೆದು, ಕೇಳಿಸುವಂತೆ ಒಂದು ಉಸಿರೆಳೆದು, ಉಳಿದದ್ದನ್ನು ಹಾಡಿ ಮುಗಿಸುತ್ತಾನೆ. ಇನ್ನೊಂದು ಹಾಡು ಬೇಕೆಂದು ನಿರ್ಮಾಪಕರು ಕೇಳಿದಾಗ ಅವನು ಒಪ್ಪಲಿಲ್ಲ, ಅದಕ್ಕಿಂತ ಮೇಲೆ ಹೋಗುವುದು ಆಗದು ಎಂದ. ಮುಂದಿನ ಏಪ್ರಿಲ್‌ನಲ್ಲಿ, 27ನೇ ವಯಸ್ಸಿನಲ್ಲಿ, ತೀರಿಕೊಂಡ. ಅವನ ಸಾವನ್ನು ಆ ಕಿರುಚಿನೊಳಗೆ ಕೇಳುವುದು ಹಲವರಿಗೆ ಅಭ್ಯಾಸವಾಗಿದೆ. ಅದು ಹಾಡಿಗೆ ಮಾಡುವ ಅನ್ಯಾಯ. ಒಂದು ಸ್ಥಾಯಿಯ ಏರಿಕೆ, ಒಂದು ನಿಲುಗಡೆ, ಒಂದು ಉಸಿರು ಇವು ಬಲ್ಲ ಗಾಯಕನೊಬ್ಬನ ಆಯ್ಕೆಗಳು.

ಲಿಂಕಿನ್ ಪಾರ್ಕ್ ತಂಡದ ಗಾಯಕ ಚೆಸ್ಟರ್ ಬೆನ್ನಿಂಗ್‌ಟನ್ ವಿಷಯದಲ್ಲೂ ಹೀಗೇ ಆಗಿದೆ. ಬಾಲ್ಯದಲ್ಲಿ ತಾನು ಅನುಭವಿಸಿದ ದೌರ್ಜನ್ಯವನ್ನು ಅವನು ಬಹಿರಂಗವಾಗಿ ಹೇಳಿಕೊಂಡಿದ್ದ. 2017ರಲ್ಲಿ ತೀರಿಕೊಂಡ ಮೇಲೆ ಅವನ ಹಾಡುಗಳನ್ನು ಬರೀ ಸಂಕಟದ ದಾಖಲೆಯಾಗಿ ಕೇಳುವವರು ಹೆಚ್ಚಿದರು. ‘ಗಿವನ್ ಅಪ್’ (2007) ಹಾಡಿನ 17 ಸೆಕೆಂಡಿನ ಅಖಂಡ ಕಿರುಚಿಗೆ ಸಂಕಟವೊಂದೇ ಇದ್ದರೆ ಸಾಲುತ್ತಿರಲಿಲ್ಲ, ಉಸಿರಿನ ಸಾಧನೆಯೂ ಬೇಕಿತ್ತು.

ಕೇಳುಗರು

ಇಂಥ ಸಂಗೀತ ಹುಡುಗರನ್ನು ಕೆರಳಿಸುತ್ತದೆ ಎಂಬುದು ಹಿರಿಯರ ಹಳೆಯ ದೂರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾ ಶರ್ಮನ್ ಮತ್ತು ಜೆನೆವೀವ್ ಡಿಂಗಲ್ 2015ರಲ್ಲಿ 18ರಿಂದ 34 ವಯಸ್ಸಿನ 39 ಮಂದಿ ಇಂಥ ಸಂಗೀತದ ಕೇಳುಗರನ್ನು ಪರೀಕ್ಷಿಸಿದರು. ಸಿಟ್ಟು ತರಿಸುವ ನೆನಪುಗಳನ್ನು ಮಾತಾಡಿಸಿ, ಅರ್ಧದಷ್ಟು ಜನರಿಗೆ ಹತ್ತು ನಿಮಿಷ ತಮ್ಮಿಷ್ಟದ ಹಾಡು ಕೇಳಲು ಬಿಟ್ಟರು, ಉಳಿದವರನ್ನು ಸುಮ್ಮನೆ ಕೂರಿಸಿದರು. ಹಾಡು ಕೇಳಿದವರ ಎದೆಬಡಿತ ಇಳಿಯದೆ ಏರಿದಲ್ಲೇ ನಿಂತಿತು. ಆದರೂ ಹಗೆತನ, ಕಿರಿಕಿರಿ ಇಳಿದವು, ಹುರುಪು ಹೆಚ್ಚಿತು. ಚಿಕ್ಕ ಪರೀಕ್ಷೆ, ಅದರಿಂದ ಲೋಕಕ್ಕೆಲ್ಲ ಅನ್ವಯಿಸುವ ತೀರ್ಮಾನ ತೆಗೆಯುವಂತಿಲ್ಲ. ಆದರೆ ಸಿಟ್ಟಿಗೆ ಸಮನಾದ ದನಿ ಹೊರಗೆ ಸಿಕ್ಕಾಗ ಒಳಗಿನ ಸಿಟ್ಟು ಒಂಟಿಯಾಗಿ ಉಳಿಯುವುದಿಲ್ಲ ಎಂಬ ಕೇಳುಗರ ಅನುಭವಕ್ಕೆ ಅದು ಹೊಂದುತ್ತದೆ.

ಭಾರತದಲ್ಲಿ ಈ ದನಿಗೆ ಬೆಂಗಳೂರು ದೊಡ್ಡ ನೆಲೆ. 1990ರ ದಶಕದಲ್ಲೇ ಡೈಯಿಂಗ್ ಎಂಬ್ರೇಸ್ ತಂಡ ಇಲ್ಲಿ ಗುಟುರು ಹಾಕುತ್ತಿತ್ತು. 1998ರಲ್ಲಿ ಕ್ರಿಪ್ಟಾಸ್, 2007ರಲ್ಲಿ ಇನ್ನರ್ ಸ್ಯಾಂಕ್ಟಮ್ ಹುಟ್ಟಿದವು. ಅರಮನೆ ಮೈದಾನದಲ್ಲಿ 2007ರ ಮಾರ್ಚಿನಲ್ಲಿ ಐರನ್ ಮೇಡನ್, 2010ರಲ್ಲಿ ಲ್ಯಾಂಬ್ ಆಫ್ ಗಾಡ್ ಹಾಡಿದವು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅಲ್ಲೇ ಭಾರತದ ತನ್ನ ಮೊದಲ ಕಾರ್ಯಕ್ರಮ ಕೊಟ್ಟಿತು. ಎರಡು ದಿನ ಮುಂಚೆ ಗುರ್‌ಗಾಂವ್‌ನಲ್ಲಿ ನಡೆಯಬೇಕಿದ್ದದ್ದು ರದ್ದಾಗಿತ್ತು. ಮರುವರ್ಷ ಸ್ಲೇಯರ್ ಕೂಡ ಈ ನಗರಕ್ಕೆ ಬಂತು. ಇಲ್ಲಿನ ತಂಡಗಳು ಹೆಚ್ಚಾಗಿ ಹಾಡುವುದು ಇಂಗ್ಲಿಷಿನಲ್ಲೇ.

ಹೊಸದಾಗಿ ಕೇಳಲು ಹೊರಟವರು ಡೆತ್ ಮೆಟಲ್‌ನಿಂದ ಶುರು ಮಾಡುವುದು ಬೇಡ. ಡಾಲ್ಟ್ರಿ, ‘ಮದರ್’, ಕೊಬೇನ್‌ನ ಆ ಕೊನೆಯ ಹಾಡು, ಆಮೇಲೆ ಗಲಾಸ್, ಅದಾದ ಮೇಲೆ ಬೇಕಿದ್ದರೆ ಡೆತ್, ಹೀಗೆ ಹೋಗುವುದು ಮೇಲು. ಮೊಬೈಲಿನಲ್ಲಿ ಹರಿದಾಡುವ ತುಣುಕುಗಳಲ್ಲಿ ಕಿರುಚಿನ ಹತ್ತು ಸೆಕೆಂಡನ್ನಷ್ಟೇ ಕತ್ತರಿಸಿ ಹಾಕಿರುತ್ತಾರೆ. ಅದನ್ನು ಕೇಳಿ ತೀರ್ಪು ಕೊಡಬೇಡಿ, ಹಾಡನ್ನು ಮೊದಲಿನಿಂದ ಕೇಳಿ.